ಇಪ್ಪತ್ತೊಂದನೆಯ ಹಲ್ಲು

ಕಳಂಬೋಲಿಯ ಸ್ಟೀಲ್ ಮಾರ್ಕೆಟ್ಟಿನ ಹಿಂದೆ
ಪಂಕ್ಚರ್ ಅಂಗಡಿಗೂ ಗ್ರೀಸಿನ ಡಬ್ಬಗಳಿಗೂ ನಡುವೆ
ಎರಡು ಬಾಗಿಲಗಲ ನನ್ನ ಜಾಗ.
ಬೋರ್ಡಿನ ಮೇಲೆ ಇನ್ನೂ ಅಪ್ಪನ ಹೆಸರು:
ಖಾಜಾಸಾಬ ಮೀಟರ್‌ವಾಲೆ.
ಒಳಗೆ ಕೂತವಳು ನಾನು, ಶಮಶಾದ.
ಬಂದವರು ಮೊದಲು ಕೇಳುವುದು, "ಮಿಸ್ತ್ರಿ ಎಲ್ಲಿ?"
ಸ್ಕ್ರೂಡ್ರೈವರ್ ಎತ್ತಿ ತೋರಿಸುತ್ತೇನೆ.

ಆ ಮಂಗಳವಾರ ಬಂದವನು ಜತ್ತ ಕಡೆಯ ಸಿದರಾಯ.
ಕ್ಲೀನರನಿಗೆ ಬೈದದ್ದು ಕನ್ನಡದಲ್ಲಿ,
ನನ್ನ ಕಂಡು ಹಿಂದಿ ಶುರುಮಾಡಿದ.
"ಬೈದ ಮಾತಿನಾಗ ಹೇಳಣ್ಣಾ," ಅಂದೆ, "ನಮ್ಮಪ್ಪನ ಊರು ಇಂಡಿ."
ನಕ್ಕ. ಲುಂಗಿಯ ಗಂಟು ಬಿಗಿಮಾಡಿದ.

"ಮೀಟರ ಸುಳ್ಳ ಹೇಳಾಕತ್ತೈತಿ, ತಂಗಿ.
ಮುಳ್ಳು ನಲವತ್ತರ ಮ್ಯಾಗ ಕುಂತಿರತೈತಿ,
ಘಾಟಿನ ಕ್ಯಾಮೆರಾ ನಲವತ್ತೆರಡು ಅಂತೈತಿ.
ದಂಡ ನನ್ನ ಪಗಾರದಾಗ.
ಪಗಾರ ಮತ್ತ ಕಿಲೋಮೀಟರಿನ ಲೆಕ್ಕದಾಗ."

ಟೈರು ನೋಡಿದೆ. ಒಂದು ಅಳತೆ ದೊಡ್ಡವು.
ಹದಿನೆಂಟು ತಿಂಗಳ ಹಿಂದೆ ಮಾಲಕ ಹಾಕಿಸಿದ್ದನಂತೆ,
ಸಸ್ತಾ ಸಿಕ್ಕವು ಅಂತ.

ಸೀಮೆಸುಣ್ಣದಿಂದ ಟೈರಿನ ಬುಡಕ್ಕೊಂದು ಗೀಟು,
ಅದರ ನೇರಕ್ಕೆ ನೆಲದ ಮೇಲೊಂದು.
"ಸಾವಕಾಶ ಬಿಡು. ಒಂದೇ ಸುತ್ತು."
ಬಿಳಿ ಗೀಟು ಮೇಲೇರಿ, ಮಡ್‌ಗಾರ್ಡಿನೊಳಗೆ ಮರೆಯಾಗಿ,
ಇಳಿದು ಮತ್ತೆ ಮಣ್ಣು ಮುಟ್ಟಿತು.
ಟೇಪು ಹಿಡಿದೆ: ಮೂರು ಮೀಟರು ಇಪ್ಪತ್ತೆಂಟು.
ಹಳೆಯದು ಮೂರು ಹನ್ನೆರಡು, ಅಪ್ಪನ ವಹಿಯಲ್ಲಿದೆ.
ಸುತ್ತಿಗೊಮ್ಮೆ ಗೇಣಿಗೆ ಕೊಂಚ ಕಡಿಮೆ
ಲಾರಿ ಮುಂದೆ ಹೋಗುತ್ತಿದೆ, ಮೀಟರಿಗೆ ಗೊತ್ತಿಲ್ಲ.
ಅದು ಎಣಿಸುವುದು ಸುತ್ತು; ದಾರಿ ಕಂಡೇ ಇಲ್ಲ ಪಾಪ.

ಗೇರ್‌ಬಾಕ್ಸಿನ ಬೆನ್ನಲ್ಲಿ ಕೇಬಲ್ಲು ಕಳಚಿದರೆ
ಹೆಬ್ಬೆರಳಷ್ಟು ಬಿಳಿಯ ಪ್ಲಾಸ್ಟಿಕ್ ಚಕ್ರ.
ಉಗುರಿನಿಂದ ಎಣಿಸಿದೆ: ಇಪ್ಪತ್ತೊಂದು ಹಲ್ಲು.
ಬಿಸ್ಕೀಟಿನ ಡಬ್ಬಿ ತಡಕಿ ಇಪ್ಪತ್ತರದು ಹುಡುಕಿದೆ.
"ಹಲ್ಲು ಕಡಿಮಿ ಆದರ ಜೋರು ತಿರಗತೈತಿ," ಅಂದೆ.
"ನಮ್ಮತ್ತೀನೂ ಹಂಗ," ಅಂದ.

ಕೈಯ ಎಣ್ಣೆ ಒರೆಸಿಕೊಳ್ಳುವಾಗ ದನಿ ಇಳಿಸಿ ಕೇಳಿದ:
"ಹೋದದ್ದು?"

ಎಂಬತ್ತನಾಲ್ಕು ಸಾವಿರ ತೋರಿಸಿದಲ್ಲಿ
ನೂರಕ್ಕೆ ಐದು ಹಿಡಿದರೆ ನಾಲ್ಕು ಸಾವಿರದ ಇನ್ನೂರು.
ಯಾರೂ ಬರೆದುಕೊಳ್ಳದ ದಾರಿ.
ಅಲ್ಲೂ ಅವನು ಎಚ್ಚರವಿದ್ದ. ಡೀಸೆಲ್ ಸುಟ್ಟಿತ್ತು.
ಯಾವುದೋ ಧಾಬೆಯಲ್ಲಿ ಪಲ್ಯಕ್ಕೆ ಉಪ್ಪಿಲ್ಲವೆಂದು ಜಗಳಾಡಿದ್ದ.
"ನಂಬರ ಮುಂದ ತಳ್ಳು, ತಂಗಿ. ನ್ಯಾಯದ್ದೈತಿ."

ಇದೇ ಮೇಜಿನ ಮೇಲೆ ಅಪ್ಪ ನಂಬರು ಹಿಂದಕ್ಕೆ ತಿರುಗಿಸುತ್ತಿದ್ದ.
ಮಾರಾಟದ ಲಾರಿಗಳು. ರಾತ್ರಿ. ಶಟರು ಅರ್ಧ ಎಳೆದು.
ನಾಲ್ಕು ಲಕ್ಷದ ಮುದುಕಿ ಬೆಳಗಾಗುವುದರೊಳಗೆ
ತೊಂಬತ್ತು ಸಾವಿರದ ಹರೆಯದವಳು.
ನನ್ನ ಶಾಲೆಯ ಫೀಸು ಆ ಹಿಮ್ಮುಖ ದಾರಿಯಿಂದ ಬಂತು.
ಅವನು ಹೋದ ವಾರವೇ ಆ ಸಣ್ಣ ಡ್ರಿಲ್ಲನ್ನು
ಭಂಗಾರದವನಿಗೆ ಹಾಕಿದೆ, ತೂಕಕ್ಕೆ.
ಮುಂದೆ ತಳ್ಳು ಅಂದವನು ಇವನೊಬ್ಬನೇ.
ಕೈ ಹೋಗಿತ್ತು ಮೀಟರಿನ ಗಾಜಿನ ತನಕ.
ತೆಗೆದೆ.

ಬಿಲ್ಲಿನ ಹಿಂದೆ ಬರೆದೆ: ಟೈರಿನ ಸುತ್ತಳತೆ, ಹಲ್ಲು, ತಾರೀಖು.
ಕೆಳಗೆ: ಮೀಟರು ನುಂಗಿದ್ದು ೪,೨೦೦.
ಅಪ್ಪನ ಶಿಕ್ಕಾ ಒತ್ತಿದೆ.
ಮಾಲಕ ಒಪ್ಪುತ್ತಾನೋ, ಹರಿದು ಹಾಕುತ್ತಾನೋ.
ಸಿದರಾಯ ಅದನ್ನು ನಾಲ್ಕು ಮಡಿಕೆ ಮಾಡಿ
ಲೈಸೆನ್ಸಿನ ಪ್ಲಾಸ್ಟಿಕ್ಕಿನೊಳಗೆ ತೂರಿಸಿದ.

ರಾತ್ರಿ ಹತ್ತಕ್ಕೆ ಪನವೇಲ್ ದಾಟಿ ಗೋವಾ ರಸ್ತೆ.
ಅವನ ಕೈಯಲ್ಲಿ ಸ್ಟಿಯರಿಂಗು, ನನ್ನ ಕೈಯಲ್ಲಿ ಗಡಿಯಾರ.
"ಅರವತ್ತಕ್ಕೆ ಹಿಡಿ."
ಮುಳ್ಳು ನಡುಗಿತು, ನಿಂತಿತು.
ಒಂದು ಕಲ್ಲು ಹಿಂದಾಯಿತು, ಗುಂಡಿ ಒತ್ತಿದೆ.
ಕತ್ತಲು. ಒಂದು ನಾಯಿ. ಮೀನಿನ ಟೆಂಪೋದ ವಾಸನೆ.
ದೀಪ ಆರಿಸಿದ ಕೊಕಮ್ ಸರಬತ್ತಿನ ಅಂಗಡಿ.
ಯಾರೂ ಮಾತಾಡಲಿಲ್ಲ.
ಐವತ್ತೆಂಟು,
ಐವತ್ತೊಂಬತ್ತು,
ಕ್ಲೀನರ್ ಪರಸು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ:
"ಕಲ್ಲು ಬಂತ್ರೀ!"